ಕೊರಳ ಗ್ರಂಥಿ, ಮನದ ಮಂಕು



ಮೂವತ್ತು ವರ್ಷಗಳಿಗೂ ಮಿಕ್ಕು ಕನ್ನಡ ಪಾಠ ಹೇಳಿ ನಿವೃತ್ತನಾದವನೊಬ್ಬನು ವೈದ್ಯಶಾಸ್ತ್ರದ ಚರಿತ್ರೆಯನ್ನು ಕುರಿತು ಮಾತನಾಡಲು ಕುಳಿತಿರುವುದನ್ನು ಕಂಡು ನಿಮಗೆ ಅಚ್ಚರಿಯಾದೀತು. ನಾನು ವೈದ್ಯನಲ್ಲ. ಈ ವಿಷಯದತ್ತ ನನ್ನನ್ನು ಎಳೆದು ತಂದದ್ದು ನಮ್ಮ ಮನೆಯಲ್ಲಿ ನಡೆದ ಒಂದು ಸಂಗತಿ. ಅದನ್ನು ಕೊನೆಯಲ್ಲಿ ಹೇಳುತ್ತೇನೆ. ಮೊದಲಿಗೆ ನನ್ನ ಶಾಸ್ತ್ರದ ಮಾತಿನಿಂದಲೇ ತೊಡಗುವೆ.

ನಮ್ಮ ಆಲಂಕಾರಿಕರು ಶೋಕವನ್ನು ಒಂದು ಸ್ಥಾಯೀಭಾವವೆಂದು ಎಣಿಸಿದರು. ಅದಕ್ಕೆ ಆಲಂಬನ ವಿಭಾವ ಬೇಕು, ಉದ್ದೀಪನ ವಿಭಾವ ಬೇಕು ಎಂದರು. ಯಾರೋ ಅಗಲಿರಬೇಕು, ಏನೋ ಕಳೆದಿರಬೇಕು. ಆಗ ಶೋಕ ಹುಟ್ಟುತ್ತದೆ. ತರಗತಿಯಲ್ಲಿ ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೆ ವಿಭಾವವೇ ಇಲ್ಲದ ಶೋಕವೊಂದು ಲೋಕದಲ್ಲಿ ಉಂಟು. ಯಾರೂ ಅಗಲಿರುವುದಿಲ್ಲ, ಏನೂ ಕಳೆದಿರುವುದಿಲ್ಲ. ಆದರೂ ಮನಸ್ಸು ಮಂಕಾಗುತ್ತದೆ, ಮಾತು ನಿಧಾನವಾಗುತ್ತದೆ, ಬೆಳಗಾದರೆ ಏಳಲು ಮನಸ್ಸು ಬಾರದು. ಇಂಥ ಶೋಕದ ಒಂದು ಬೇರು ಕೊರಳಿನಲ್ಲಿರಬಹುದು ಎಂಬುದನ್ನು ಮನುಷ್ಯನು ಕಂಡುಕೊಂಡ ಬಗೆಯೇ ಈ ದಿನದ ನನ್ನ ವಿಷಯ.

ಕೊರಳಿನ ಮುಂಭಾಗದಲ್ಲಿ, ಧ್ವನಿಪೆಟ್ಟಿಗೆಯ ಕೆಳಗೆ, ಚಿಟ್ಟೆಯೊಂದು ರೆಕ್ಕೆ ಹರಡಿ ಕುಳಿತಂತೆ ಒಂದು ಗ್ರಂಥಿ ಇದೆ. ಅದು ಊದಿಕೊಂಡಾಗ ಕಾಣುವ ಗಲಗಂಡವನ್ನು ನಮ್ಮ ಸುಶ್ರುತ ಸಂಹಿತೆ ಬಣ್ಣಿಸಿದೆ. ಊದದೆ ಇದ್ದಾಗ ಅದು ಏನು ಮಾಡುತ್ತದೆಂಬುದು ಮಾತ್ರ ಬಹುಕಾಲ ಯಾರಿಗೂ ತಿಳಿದಿರಲಿಲ್ಲ. 1656ರಲ್ಲಿ ಥಾಮಸ್ ವಾರ್ಟನ್ ಎಂಬ ಆಂಗ್ಲ ವೈದ್ಯನು ಅದಕ್ಕೆ ಥೈರಾಯ್ಡ್ ಎಂದು ಹೆಸರಿಟ್ಟನು. ಗ್ರೀಕ್ ಭಾಷೆಯಲ್ಲಿ ಗುರಾಣಿಗೆ ಇರುವ ಪದವೇ ಇದರ ಮೂಲ. ಕನ್ನಡದಲ್ಲಿ ಗುರಾಣಿಕ ಗ್ರಂಥಿ ಎಂಬ ಹೆಸರು ಬಂದದ್ದೂ ಅದರಿಂದಲೇ. ಅದರ ಕೆಲಸವೇನೆಂದು ಕೇಳಿದರೆ ವಾರ್ಟನ್ ಕೊಟ್ಟ ಉತ್ತರಗಳಲ್ಲಿ ಒಂದು ಬಹಳ ಸೊಗಸಾಗಿದೆ: ಕೊರಳಿಗೆ, ಅದರಲ್ಲಿಯೂ ಹೆಂಗಸರ ಕೊರಳಿಗೆ, ದುಂಡನೆಯ ಚೆಲುವು ಬರುವುದು ಅದರಿಂದಂತೆ! ಕವಿಗಳು ಒಪ್ಪಬಹುದಾದ ಈ ಉತ್ತರದಿಂದ ರೋಗಿಗಳಿಗೆ ಉಪಯೋಗವಾಗಲಿಲ್ಲ.

ಮುಂದಿನ ಹೆಜ್ಜೆ 1873ರದು. ಲಂಡನ್ನಿನ ಗೈ ಆಸ್ಪತ್ರೆಯ ವೈದ್ಯ ವಿಲಿಯಂ ಗಲ್ ನಡುವಯಸ್ಸಿನ ಕೆಲವು ಹೆಂಗಸರಲ್ಲಿ ಒಂದು ವಿಚಿತ್ರ ಬದಲಾವಣೆಯನ್ನು ಗುರುತಿಸಿದನು. ಮುಖ ಬಾತುಕೊಂಡಿದೆ, ಚರ್ಮ ನುಣುಪಾಗಿದೆ, ನಾಲಿಗೆ ದಪ್ಪವಾಗಿದೆ. ಮೊದಲು ಚುರುಕಾಗಿದ್ದ, ಎಲ್ಲವನ್ನೂ ಕೇಳಿ ತಿಳಿಯಬಯಸುತ್ತಿದ್ದ ಮನಸ್ಸು ಈಗ ಯಾವುದರಲ್ಲಿಯೂ ಆಸಕ್ತಿಯಿಲ್ಲದೆ ತಣ್ಣಗಾಗಿದೆ. ಗಲ್ ಈ ಲಕ್ಷಣಗಳನ್ನು ಬರೆದಿಟ್ಟನೇ ಹೊರತು ಕಾರಣ ಹೇಳಲಾರದೆ ಹೋದನು. ಕೆಲವು ವರ್ಷಗಳ ಮೇಲೆ ವಿಲಿಯಂ ಆರ್ಡ್ ಎಂಬವನು ಈ ರೋಗಕ್ಕೆ ಮಿಕ್ಸೆಡೀಮ ಎಂಬ ಹೆಸರು ಕೊಟ್ಟನು.

ಕಾರಣ ತಿಳಿದದ್ದು ಒಂದು ದುರಂತದ ಮೂಲಕ. ಸ್ವಿಟ್ಸರ್ಲೆಂಡಿನ ಬರ್ನ್ ನಗರದಲ್ಲಿ ಥಿಯೊಡೋರ್ ಕೋಖರ್ ಎಂಬ ಶಸ್ತ್ರವೈದ್ಯನಿದ್ದನು. ಗಲಗಂಡ ಹೆಚ್ಚಾಗಿದ್ದ ಆ ಪರ್ವತಸೀಮೆಯಲ್ಲಿ ಅವನು ಗ್ರಂಥಿಯನ್ನು ಕತ್ತರಿಸಿ ತೆಗೆಯುವುದರಲ್ಲಿ ಎತ್ತಿದ ಕೈ. ರಕ್ತ ಹೆಚ್ಚು ಸೋರದಂತೆ, ನೋಡಿದವರು ತಲೆದೂಗುವಂತೆ ಕೆಲಸ ಮಾಡುತ್ತಿದ್ದನು. 1874ರಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳ ಗ್ರಂಥಿಯನ್ನು ಪೂರ್ತಿಯಾಗಿ ತೆಗೆದನು. ಶಸ್ತ್ರಕ್ರಿಯೆ ಸಫಲವಾಯಿತು. ಆದರೆ ಆ ಹುಡುಗಿಯ ಸ್ವಭಾವವೇ ಬದಲಾಗಿದೆಯೆಂದು ಆಕೆಯ ಊರಿನ ವೈದ್ಯನಿಂದ ಅವನಿಗೆ ಸುದ್ದಿ ಬಂತು. ಕೋಖರ್ ತನ್ನ ಹಳೆಯ ರೋಗಿಗಳನ್ನು ಮರಳಿ ಕರೆಸಿ ನೋಡಿದನು. ಆ ಹುಡುಗಿಗೊಬ್ಬಳು ತಂಗಿಯಿದ್ದಳು; ಮೊದಲು ಇಬ್ಬರಲ್ಲಿ ಯಾರು ಯಾರೆಂದು ಗುರುತಿಸುವುದೇ ಕಷ್ಟವಾಗಿತ್ತು. ಈಗ ತಂಗಿ ಬೆಳೆದು ಚೆಲುವೆಯಾದ ತರುಣಿಯಾಗಿದ್ದಳು. ಅಕ್ಕ ಕುಳ್ಳಗೆ ಉಳಿದು, ಮುಖ ಊದಿ, ಬುದ್ಧಿ ಮಂದವಾಗಿ ನಿಂತಿದ್ದಳು. ಗ್ರಂಥಿಯನ್ನು ಪೂರ್ತಿ ತೆಗೆಸಿಕೊಂಡು ಪರೀಕ್ಷೆಗೆ ಬಂದ 18 ಮಂದಿಯಲ್ಲಿ 16 ಮಂದಿಯ ಗತಿ ಹೀಗೆಯೇ ಆಗಿತ್ತು.

ಕೋಖರ್ ಇದನ್ನು ಬಚ್ಚಿಡಲಿಲ್ಲ. 1883ರಲ್ಲಿ ಬರ್ಲಿನ್ನಿನಲ್ಲಿ ಶಸ್ತ್ರವೈದ್ಯರ ಸಭೆಯ ಮುಂದೆ ತನ್ನ ಕೈಯಿಂದಲೇ ಆದ ಅನಾಹುತವನ್ನು ಹೇಳಿಕೊಂಡನು. ಕ್ಯಾನ್ಸರಿನಂಥ ಕಾರಣವಿಲ್ಲದೆ ಇನ್ನು ಮುಂದೆ ಇಡೀ ಗ್ರಂಥಿಯನ್ನು ತೆಗೆಯುವುದಿಲ್ಲವೆಂದು ನಿಶ್ಚಯಿಸಿದನು. 1909ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ಬಂತು. ಆ ಪಾರಿತೋಷಕಕ್ಕಿಂತ 1883ರ ಆ ತಪ್ಪೊಪ್ಪಿಗೆಯೇ ನನಗೆ ದೊಡ್ಡದಾಗಿ ಕಾಣುತ್ತದೆ.

ಅದೇ ವರ್ಷ ಲಂಡನ್ನಿನಲ್ಲಿ ಫೆಲಿಕ್ಸ್ ಸೀಮನ್ ಎಂಬವನು ಗಲ್ ಕಂಡ ರೋಗವೂ ಕೋಖರನ ರೋಗಿಗಳ ಸ್ಥಿತಿಯೂ ಒಂದೇ ಎಂದು ಸೂಚಿಸಿದನು. ಮೊದಮೊದಲು ಹಲವರು ನಂಬಲಿಲ್ಲ. ಅಲ್ಲಿನ ಕ್ಲಿನಿಕಲ್ ಸೊಸೈಟಿ ಒಂದು ಸಮಿತಿಯನ್ನು ನೇಮಿಸಿತು. ನೂರಕ್ಕೂ ಮೇಲ್ಪಟ್ಟು ರೋಗಿಗಳ ವಿವರಗಳನ್ನು ಪರಿಶೀಲಿಸಿದ ಆ ಸಮಿತಿಯ ವರದಿ 1888ರಲ್ಲಿ ಹೊರಬಂತು. ಸೀಮನ್ ಹೇಳಿದ್ದು ನಿಜವಾಗಿತ್ತು. ವರದಿಯಲ್ಲಿ ಇನ್ನೊಂದು ಮಾತೂ ಇತ್ತು: ಇಂಥ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ಭ್ರಮೆ, ಭ್ರಾಂತಿಗಳು ಕಾಣಿಸಿಕೊಂಡಿದ್ದವು. ಕೊರಳಿನ ಗ್ರಂಥಿಗೂ ಮನಸ್ಸಿಗೂ ಇರುವ ನಂಟು ಅಂದೇ ದಾಖಲೆಗೆ ಬಂತು.

ರೋಗ ತಿಳಿದ ಮೂರು ವರ್ಷಕ್ಕೆ ಮದ್ದೂ ದೊರೆಯಿತು. 1891ರಲ್ಲಿ ನ್ಯೂಕಾಸಲ್ ನಗರದ ಜಾರ್ಜ್ ಮರ್ರೆ ಎಂಬ ತರುಣ ವೈದ್ಯನು ಕುರಿಯ ಥೈರಾಯ್ಡ್ ಗ್ರಂಥಿಯ ಸಾರವನ್ನು ತೆಗೆದು 46 ವರ್ಷದ ಹೆಂಗಸೊಬ್ಬಳಿಗೆ ಚುಚ್ಚಿದನು. ಆಕೆ ಚೇತರಿಸಿಕೊಂಡಳು. ಮರುವರ್ಷ ಇತರ ವೈದ್ಯರು ಗ್ರಂಥಿಯನ್ನು ಬಾಯಿಯ ಮೂಲಕ ಕೊಟ್ಟರೂ ಸಾಕೆಂದು ತೋರಿಸಿಕೊಟ್ಟರು. ಮರ್ರೆಯ ಆ ರೋಗಿ ಮತ್ತೆ 28 ವರ್ಷ ಬಾಳಿ 1919ರಲ್ಲಿ ತೀರಿಕೊಂಡಳು. ಆಕೆಯೊಬ್ಬಳ ಬದುಕಿಗೆ 870ಕ್ಕೂ ಹೆಚ್ಚು ಕುರಿಗಳ ಗ್ರಂಥಿಗಳು ಬೇಕಾದವೆಂದು ಮರ್ರೆಯೇ ಲೆಕ್ಕ ಕೊಟ್ಟಿದ್ದಾನೆ. 1914ರ ಕ್ರಿಸ್‌ಮಸ್ ದಿನ ಅಮೆರಿಕದ ಎಡ್ವರ್ಡ್ ಕೆಂಡಾಲ್ ಗ್ರಂಥಿಯ ರಸವನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದನು. ಥೈರಾಕ್ಸಿನ್ ಎಂಬುದು ಅದರ ಹೆಸರು. 1927ರಲ್ಲಿ ಹ್ಯಾರಿಂಗ್ಟನ್ ಮತ್ತು ಬಾರ್ಜರ್ ಅದನ್ನು ಪ್ರಯೋಗಾಲಯದಲ್ಲಿಯೇ ತಯಾರಿಸಿದರು. ಅದಕ್ಕಿಂತ ಚುರುಕಾದ ಇನ್ನೊಂದು ಹಾರ್ಮೋನು 1952ರಲ್ಲಿ ಪತ್ತೆಯಾಯಿತು. ಥೈರಾಕ್ಸಿನ್ನಿನಲ್ಲಿ ಅಯೋಡಿನ್ನಿನ ನಾಲ್ಕು ಪರಮಾಣುಗಳಿವೆ, ಇದರಲ್ಲಿ ಮೂರು. ಆದ್ದರಿಂದ ವೈದ್ಯರು ಇದನ್ನು ಟಿ-3 ಎನ್ನುತ್ತಾರೆ.

ಇಷ್ಟೆಲ್ಲ ತಿಳಿದ ಮೇಲೂ ಮಾನಸಿಕ ಆಸ್ಪತ್ರೆಗಳ ಗೋಡೆಗಳೊಳಗೆ ಈ ತಿಳಿವಳಿಕೆ ಬೇಗನೆ ಪ್ರವೇಶಿಸಲಿಲ್ಲ. ಇಲ್ಲಿ ಸಾಹಿತ್ಯದವರಾದ ನಾವು ಹೆಮ್ಮೆಪಡಬಹುದಾದ ಸಂಗತಿಯೊಂದಿದೆ. ಎ. ಜೆ. ಕ್ರೋನಿನ್ ಎಂಬ ವೈದ್ಯ ಕಾದಂಬರಿಕಾರನ ‘ದಿ ಸಿಟಡೆಲ್’ 1937ರಲ್ಲಿ ಪ್ರಕಟವಾಯಿತು. ಅದರ ನಾಯಕನೂ ವೈದ್ಯನೇ. ಹುಚ್ಚನೆಂದು ಸಹಿ ಹಾಕಿ ಕಳುಹಿಸಬೇಕಾಗಿದ್ದ ಗಣಿ ಕಾರ್ಮಿಕನೊಬ್ಬನ ಬಾತ ಮುಖವನ್ನೂ ಒಣಗಿದ ಚರ್ಮವನ್ನೂ ನೋಡಿ, ಇದು ಹುಚ್ಚಲ್ಲ, ಥೈರಾಯ್ಡಿನ ಕೊರತೆ ಎಂದು ಗುರುತಿಸಿ, ಅವನನ್ನು ಉಳಿಸುತ್ತಾನೆ. ಕಾದಂಬರಿ ಹೇಳಿದ್ದನ್ನು ವೈದ್ಯ ಪತ್ರಿಕೆ ಒತ್ತಿ ಹೇಳಿದ್ದು ಹನ್ನೆರಡು ವರ್ಷಗಳ ನಂತರ. 1949ರಲ್ಲಿ ಲಂಡನ್ನಿನ ರಿಚರ್ಡ್ ಆಷರ್ ಇಂಥ 14 ರೋಗಿಗಳ ವೃತ್ತಾಂತವನ್ನು ಪ್ರಕಟಿಸಿದನು. ಬುದ್ಧಿ ಕೆಟ್ಟವರೆಂದು ತಿಳಿಯಲಾಗಿದ್ದ ಅವರಲ್ಲಿ ಹೆಚ್ಚಿನವರು ಥೈರಾಯ್ಡ್ ಮಾತ್ರೆಯಿಂದ ಗುಣಹೊಂದಿದ್ದರು.

ಇದು ಕಥೆಯ ಒಂದು ಕವಲು. ಇನ್ನೊಂದು ಕವಲು ಮತ್ತೆ ಸ್ವಿಟ್ಸರ್ಲೆಂಡಿನಲ್ಲಿಯೇ ಹುಟ್ಟಿತು. ಕಾನ್‌ಸ್ಟನ್ಸ್ ಸರೋವರದ ದಡದ ಮ್ಯುನ್‌ಸ್ಟರ್ಲಿಂಗೆನ್ ಎಂಬಲ್ಲಿನ ಮಾನಸಿಕ ಆಸ್ಪತ್ರೆಯಲ್ಲಿ ರೋಲಂಡ್ ಕೂನ್ ಎಂಬ ವೈದ್ಯನು ಗೈಗಿ ಕಂಪೆನಿ ಕಳುಹಿಸಿದ ರಾಸಾಯನಿಕವೊಂದನ್ನು ಪರೀಕ್ಷಿಸುತ್ತಿದ್ದನು. ಬೇರೊಂದು ಮನೋರೋಗಕ್ಕೆಂದು ಬಂದ ಅದು ಆ ರೋಗಕ್ಕೆ ಕೆಲಸಕ್ಕೆ ಬಾರಲಿಲ್ಲ. 1956ರಲ್ಲಿ ಅವನು ಅದನ್ನು ಖಿನ್ನತೆಯ ರೋಗಿಗಳಿಗೆ ಕೊಟ್ಟು ನೋಡಿದನು. ಕಂಬನಿ ನಿಂತಿತು, ಮೂಲೆ ಹಿಡಿದಿದ್ದವರು ಎದ್ದು ಜನರೊಡನೆ ಮಾತನಾಡತೊಡಗಿದರು. ಅದೇ ಇಮಿಪ್ರಮಿನ್. 1957ರಲ್ಲಿ ಜೂರಿಕ್ಕಿನ ವಿಶ್ವ ಸಮ್ಮೇಳನದಲ್ಲಿ ಕೂನ್ ಇದನ್ನು ವಿವರಿಸಿದಾಗ ಕೇಳುತ್ತಿದ್ದವರು ಹನ್ನೆರಡು ಮಂದಿಯ ಆಸುಪಾಸು. ಬಾನುಲಿಯಲ್ಲಿ ಮಾತನಾಡುವವರು ಕೇಳುಗರ ಸಂಖ್ಯೆಯನ್ನು ಕುರಿತು ಚಿಂತಿಸಬಾರದೆಂಬುದಕ್ಕೆ ಇದೊಂದು ನಿದರ್ಶನ.

ಆದರೆ ಈ ಮದ್ದಿನಲ್ಲಿ ಎರಡು ಒಗಟುಗಳಿದ್ದವು. ಅದು ಕೆಲಸ ಮಾಡಲು ಎರಡು ಮೂರು ವಾರ ಹಿಡಿಯುತ್ತಿತ್ತು. ಕೆಲವರಲ್ಲಿ ಎಷ್ಟು ವಾರ ಕಳೆದರೂ ಕೆಲಸ ಮಾಡುತ್ತಿರಲಿಲ್ಲ. ಎರಡೂ ಕವಲುಗಳು ಕೂಡಿದ್ದು ಇಲ್ಲಿಯೇ. ಬೆಳೆದ ಮನುಷ್ಯನ ಮೆದುಳಿಗೆ ಥೈರಾಯ್ಡಿನ ಹಂಗಿಲ್ಲವೆಂಬ ಅಭಿಪ್ರಾಯ ಆಗ ಬಲವಾಗಿತ್ತು. 1953ರಲ್ಲಿ ಲೂಯಿ ಸೊಕೊಲೋಫ್ ಮತ್ತು ಸಂಗಡಿಗರು, ಥೈರಾಯ್ಡ್ ಮಿತಿಮೀರಿ ಸ್ರವಿಸಿ ಮೈಯೆಲ್ಲ ಕಾದ ಕುಲುಮೆಯಂತಿರುವ ರೋಗಿಗಳಲ್ಲಿಯೂ ಮೆದುಳು ಬಳಸುವ ಆಮ್ಲಜನಕ ಮಾತ್ರ ಹೆಚ್ಚುವುದಿಲ್ಲವೆಂದು ತೋರಿಸಿದ್ದರು. ಆದರೆ ಅಮೆರಿಕದ ಉತ್ತರ ಕೆರೊಲಿನಾ ವಿಶ್ವವಿದ್ಯಾನಿಲಯದ ಆರ್ಥರ್ ಪ್ರಾಂಜ್ ಬೇರೆ ದಾರಿ ಹಿಡಿದನು. ಥೈರಾಯ್ಡ್ ಮಾತ್ರೆ, ಇಮಿಪ್ರಮಿನ್ ಎರಡನ್ನೂ ಸೇವಿಸುತ್ತಿದ್ದ ರೋಗಿಯೊಬ್ಬರ ಹೃದಯದ ಬಡಿತ ಹಠಾತ್ತನೆ ಏರಿದ್ದನ್ನು ಅವನು 1963ರಲ್ಲಿ ವರದಿ ಮಾಡಿದ್ದನು. ಒಂದು ಇನ್ನೊಂದರ ಬಲವನ್ನು ಹೆಚ್ಚಿಸುವುದಾದರೆ ಆ ಗುಣವನ್ನು ಹಿತವಾಗಿ ಬಳಸಬಾರದೇಕೆ? 1969ರಲ್ಲಿ ಅವನೂ ಸಂಗಡಿಗರೂ, ಥೈರಾಯ್ಡ್ ದೋಷವಿಲ್ಲದ ಖಿನ್ನರಿಗೆ ಇಮಿಪ್ರಮಿನ್ ಜೊತೆಗೆ ಟಿ-3 ಹಾರ್ಮೋನನ್ನು 25 ಮೈಕ್ರೊಗ್ರಾಮಿನಷ್ಟು ಅಲ್ಪ ಪ್ರಮಾಣದಲ್ಲಿ ಕೊಟ್ಟು, ಚೇತರಿಕೆ ಬೇಗನೆ ಬರುತ್ತದೆಂದು, ಮುಖ್ಯವಾಗಿ ಹೆಂಗಸರಲ್ಲಿ ಬರುತ್ತದೆಂದು ಪ್ರಕಟಿಸಿದರು.

ಏಕೆ ಹೀಗೆ? ಉತ್ತರ ಬೇಕಾದರೆ ಮದ್ದು ಮೆದುಳಿನಲ್ಲಿ ಎಲ್ಲಿ ಹೋಗಿ ಕೂರುತ್ತದೆಂದು ಕಾಣಬೇಕು. 1979ರಲ್ಲಿ ಪ್ಯಾರಿಸ್ಸಿನಲ್ಲಿ ರೈಸ್ಮನ್, ಬ್ರೈಲಿ, ಲ್ಯಾಂಗರ್ ಎಂಬ ಮೂವರು ಇಲಿಯ ಮೆದುಳಿನಲ್ಲಿ ಆ ತಾಣಗಳನ್ನು ಗುರುತಿಸಿದರು. ಅವರ ವಿಧಾನವನ್ನು ನಮ್ಮ ಕೊಟ್ಟಿಗೆಯ ಹೋಲಿಕೆಯಿಂದ ಹೇಳುತ್ತೇನೆ. ಕತ್ತಲ ಕೊಟ್ಟಿಗೆಯಲ್ಲಿ ಎಷ್ಟು ಗೂಟಗಳಿವೆಯೆಂದು ತಿಳಿಯಬೇಕು, ಒಳಗೆ ಕಣ್ಣು ಕಾಣದು. ಆಗ ಕೊರಳಿಗೆ ಗಂಟೆ ಕಟ್ಟಿದ ದನಗಳನ್ನು ಒಳಕ್ಕೆ ಬಿಟ್ಟು, ಸಿಕ್ಕ ಗೂಟಕ್ಕೆಲ್ಲ ಕಟ್ಟಿಸಬೇಕು. ಗೂಟ ಸಿಕ್ಕದೆ ಬಿಡಿಯಾಗಿ ನಿಂತವನ್ನು ಹೊರಕ್ಕೆ ಅಟ್ಟಬೇಕು. ಉಳಿದ ಗಂಟೆಗಳನ್ನು ಎಣಿಸಿದರೆ ಗೂಟಗಳ ಲೆಕ್ಕ ಸಿಕ್ಕಿತು. ವಿಜ್ಞಾನಿಗಳ ಗಂಟೆ ಎಂದರೆ ವಿಕಿರಣ ಸೂಸುವ ಜಲಜನಕ. ಅದನ್ನು ಇಮಿಪ್ರಮಿನ್ನಿಗೆ ಜೋಡಿಸಿ, ಮೆದುಳಿನ ಅಂಗಾಂಶಕ್ಕೆ ಬೆರೆಸಿ, ಅಂಟದೆ ಉಳಿದದ್ದನ್ನು ತೊಳೆದು, ಅಂಟಿದ್ದನ್ನು ಅಳೆಯುತ್ತಾರೆ. ಗೂಟಗಳೆಷ್ಟು ಎಂಬುದು ಒಂದು ಪ್ರಶ್ನೆ. ಹಗ್ಗದ ಬಿಗಿ ಎಷ್ಟು ಎಂಬುದು ಇನ್ನೊಂದು.

ಈ ಗೂಟಗಳು ಏತಕ್ಕಾಗಿ ಇದ್ದವು? ನರಕೋಶಗಳು ಒಂದರೊಡನೊಂದು ಮಾತನಾಡುವಾಗ ಸೆರಟೋನಿನ್ ಎಂಬ ದ್ರವ್ಯವನ್ನು ಚೆಲ್ಲುತ್ತವೆ. ಚೆಲ್ಲಿದ್ದನ್ನು ಮತ್ತೆ ಒಳಕ್ಕೆ ಹೊತ್ತು ತರುವ ಪ್ರೋಟೀನೊಂದಿದೆ. ಇಮಿಪ್ರಮಿನ್ ಗಟ್ಟಿಯಾಗಿ ಕೂರುವ ತಾಣ ಮುಖ್ಯವಾಗಿ ಈ ಹಮಾಲನ ಮೇಲೆಯೇ ಇದೆಯೆಂದು ಮುಂದೆ ತಿಳಿದುಬಂತು. ಮದ್ದು ಅವನ ಕೈ ಕಟ್ಟಿದರೆ ಸೆರಟೋನಿನ್ ಹೊರಗೇ ಹೆಚ್ಚು ಹೊತ್ತು ಉಳಿಯುತ್ತದೆ. 2016ರಲ್ಲಂತೂ ಈ ಪ್ರೋಟೀನಿನೊಳಗೆ ಇಂದಿನ ಖಿನ್ನತೆಯ ಔಷಧಗಳು ಹೇಗೆ ಕುಳಿತಿರುತ್ತವೆಂಬ ಚಿತ್ರವೇ ಪರಮಾಣುಗಳ ಮಟ್ಟದಲ್ಲಿ ದೊರೆಯಿತು.

ಇನ್ನು ಥೈರಾಯ್ಡ್ ಈ ಗೂಟಗಳಿಗೆ ಏನು ಮಾಡುತ್ತದೆ? 1977ರಷ್ಟು ಹಿಂದೆಯೇ, ಥೈರಾಯ್ಡ್ ಹಾರ್ಮೋನು ಇಲಿಯ ಹೃದಯದಲ್ಲಿ ಅಡ್ರಿನಲಿನ್ ಅಂಟುವ ತಾಣಗಳ ಸಂಖ್ಯೆಯನ್ನು ಹೆಚ್ಚಿಸುತ್ತದೆಂದು ಗೊತ್ತಾಗಿತ್ತು. ಇತ್ತ ಇಮಿಪ್ರಮಿನ್ ವಾರಗಟ್ಟಲೆ ಕೊಟ್ಟಾಗ ಮೆದುಳಿನ ತೊಗಟೆಯಲ್ಲಿ ಅಂಥವೇ ತಾಣಗಳು ಕಡಿಮೆಯಾಗುವುದೂ ಕಂಡುಬಂದಿತ್ತು. ಮದ್ದು ತಡವಾಗಿ ಫಲ ಕೊಡುವುದಕ್ಕೂ ಈ ವಾರಗಳಿಗೂ ತಾಳೆ ಬೀಳುವಂತೆ ತೋರಿತು. 1980ರ ದಶಕದಲ್ಲಿ ಹಲವು ಪ್ರಯೋಗಾಲಯಗಳವರು ಇಲಿಗಳ ಗ್ರಂಥಿಯನ್ನು ತೆಗೆದು, ಇಲ್ಲವೆ ಹಾರ್ಮೋನನ್ನು ಹೆಚ್ಚಾಗಿ ಕೊಟ್ಟು, ಮೆದುಳಿನ ಬೇರೆ ಬೇರೆ ತಾಣಗಳನ್ನು ಎಣಿಸಿದರು. ಪ್ರಾಂಜ್ ಮತ್ತು ಸಂಗಡಿಗರೂ 1987ರಲ್ಲಿ ಇಂಥ ಎಣಿಕೆಯನ್ನು ಪ್ರಕಟಿಸಿದರು. ಹೃದಯದಷ್ಟು ಸರಳವಾದ ಉತ್ತರ ಮೆದುಳಿನಿಂದ ಬರಲಿಲ್ಲ. ಮೆದುಳಿನ ಯಾವ ಭಾಗ, ಪ್ರಾಣಿಯ ಪ್ರಾಯವೆಷ್ಟು, ಹಾರ್ಮೋನು ಎಷ್ಟು ದಿನ ಕೊಟ್ಟದ್ದು ಎಂಬುದನ್ನು ಅನುಸರಿಸಿ ಫಲ ಬದಲಾಯಿತು.

ಆದರೂ ಒಂದು ತತ್ತ್ವ ಖಚಿತವಾಗಿ ನಿಂತಿತು. ಥೈರಾಕ್ಸಿನ್ ಮೆದುಳನ್ನು ಹೊಕ್ಕು, ಅಲ್ಲಿಯೇ ಟಿ-3 ಆಗಿ ಮಾರ್ಪಡುತ್ತದೆ. ಕೋಶದ ನಡುಮನೆಯಾದ ನ್ಯೂಕ್ಲಿಯಸ್ಸಿನಲ್ಲಿ ಅದನ್ನು ಬರಮಾಡಿಕೊಳ್ಳುವ ಪ್ರೋಟೀನುಗಳಿವೆಯೆಂಬುದು 1986ರಲ್ಲಿ ಸ್ಪಷ್ಟವಾಯಿತು. ಅವುಗಳ ಮೂಲಕ ಅದು ಜೀನುಗಳಿಗೆ ಅಪ್ಪಣೆ ಕೊಡುತ್ತದೆ: ಈ ಪ್ರೋಟೀನು ಹೆಚ್ಚು ತಯಾರಾಗಲಿ, ಆ ಪ್ರೋಟೀನು ಸಾಕು ಎಂದು. ಎಂದರೆ ಖಿನ್ನತೆಯ ಮದ್ದು ದನ ಕಟ್ಟುವ ಆಳಾದರೆ, ಥೈರಾಯ್ಡ್ ಗೂಟ ಕೆತ್ತುವ ಬಡಗಿಗಳ ಯಜಮಾನ. ಆಮ್ಲಜನಕವನ್ನು ಮಾತ್ರ ಅಳೆದವರಿಗೆ ಈ ಯಜಮಾನಿಕೆ ಕಾಣಿಸಿರಲಿಲ್ಲ.

ಇಲ್ಲಿ ಎಚ್ಚರಿಕೆಯ ಮಾತೊಂದನ್ನು ಸೇರಿಸಬೇಕು. 1980ರಲ್ಲಿ ಪ್ಯಾರಿಸ್ಸಿನ ಅದೇ ತಂಡ, ಖಿನ್ನರ ರಕ್ತದ ಕಿರುಬಿಲ್ಲೆಗಳಲ್ಲಿ ಇಮಿಪ್ರಮಿನ್ ತಾಣಗಳು ಕಡಿಮೆಯಿವೆಯೆಂದು ಪ್ರಕಟಿಸಿದಾಗ, ದುಃಖವನ್ನು ಇನ್ನು ರಕ್ತಪರೀಕ್ಷೆಯಿಂದಲೇ ಅಳೆಯಬಹುದೆಂಬ ಆಸೆ ಹುಟ್ಟಿತ್ತು. ಬೇರೆಯವರು ಪರೀಕ್ಷಿಸಿದಾಗ ಎಲ್ಲೆಡೆಯೂ ಅದೇ ಫಲ ಬರಲಿಲ್ಲ, ಆಸೆ ಉಳಿಯಲಿಲ್ಲ. ಟಿ-3 ವಿಷಯವೂ ಹೀಗೆಯೇ. 2006ರಲ್ಲಿ ಅಮೆರಿಕದಲ್ಲಿ, ಎರಡು ಚಿಕಿತ್ಸೆಗಳಿಗೂ ಬಗ್ಗದ 142 ಮಂದಿಗೆ ತಮ್ಮ ಔಷಧದ ಜೊತೆ ಟಿ-3 ಅಥವಾ ಲಿಥಿಯಂ ಕೊಟ್ಟು ನೋಡಿದರು. ಟಿ-3 ಪಡೆದವರಲ್ಲಿ ನೂರಕ್ಕೆ ಸುಮಾರು 25 ಮಂದಿ, ಲಿಥಿಯಂ ಪಡೆದವರಲ್ಲಿ ಸುಮಾರು 16 ಮಂದಿ ಗುಣಹೊಂದಿದರು; ಆ ವ್ಯತ್ಯಾಸವೂ ಸಂಖ್ಯಾಶಾಸ್ತ್ರದ ಒರೆಗಲ್ಲಿಗೆ ಗಟ್ಟಿಯಾಗಿ ನಿಲ್ಲಲಿಲ್ಲ. ಆದ್ದರಿಂದ ಮನಸ್ಸು ಮಂಕಾದವರೆಲ್ಲ ಥೈರಾಯ್ಡ್ ಮಾತ್ರೆ ನುಂಗಬೇಕೆಂದು ನಾನು ಹೇಳುತ್ತಿಲ್ಲ. ವೈದ್ಯರ ಮಾತಿಲ್ಲದೆ ನುಂಗಿದರೆ ಹೃದಯಕ್ಕೆ ಕೇಡು. ಹೆಚ್ಚಿನ ಖಿನ್ನರ ಥೈರಾಯ್ಡ್ ಸರಿಯಾಗಿಯೇ ಇರುತ್ತದೆ. ಆದರೆ ಸರಿಯಿಲ್ಲದವರನ್ನು ಗುರುತಿಸದೆ ಬಿಟ್ಟರೆ ಆಗುವ ಅನ್ಯಾಯ ಎಂಥದೆಂದು ನಾನು ಬಲ್ಲೆ.

ನನಗೊಬ್ಬಳು ಅಕ್ಕ. ನನಗಿಂತ ಹತ್ತು ವರ್ಷ ಹಿರಿಯಳು, ಎತ್ತಿ ಆಡಿಸಿದವಳು. ಹಸೆಗೆ ಕರೆಯುವ ಹಾಡಿಗೆ ಊರಿನಲ್ಲಿ ಅವಳ ದನಿಯೇ ಬೇಕು. ಅವಳಿಗೆ ನಲವತ್ತರ ಹತ್ತಿರ ಬಂದಾಗ, 1986ರ ಸುಮಾರಿಗೆ, ಹಾಡುವುದನ್ನು ನಿಲ್ಲಿಸಿದಳು. ಕರೆದರೆ ‘ಆಗೋದಿಲ್ಲ’ ಎನ್ನುವಳು. ಆ ಎರಡು ಮಾತೂ ಗೊಗ್ಗರು. ಚೈತ್ರದ ಬಿಸಿಲಿನಲ್ಲಿ ಶಾಲು ಹೊದ್ದು ಕೂರುವಳು. ಹಗಲು ನಿದ್ರೆ, ಒಲೆಯ ಮೇಲೆ ಉಕ್ಕಿದ ಹಾಲು, ಕೇಳಿದ ಪ್ರಶ್ನೆಗೆ ಎಷ್ಟೋ ಹೊತ್ತಿನ ಮೇಲೆ ಉತ್ತರ. ಮನೆಯವರು ಬಿಂಕವೆಂದರು, ಮೈಗಳ್ಳತನವೆಂದರು. ಆಗತಾನೇ ಉಪನ್ಯಾಸಕನಾಗಿದ್ದ ನಾನು ಅವಳಿಗೆ ಒಂದು ಉದ್ದ ಪತ್ರ ಬರೆದೆ. ಸೋಮಾರಿತನ ಮನುಷ್ಯನ ಶತ್ರುವೆಂದು, ಮನಸ್ಸನ್ನು ಗಟ್ಟಿಮಾಡಿಕೊಂಡರೆ ಎಲ್ಲವೂ ಸರಿಹೋಗುವುದೆಂದು, ಒಳ್ಳೆಯ ಕನ್ನಡದಲ್ಲಿ ಉಪದೇಶಿಸಿದೆ.

ಖಿನ್ನತೆಯೆಂದು ವೈದ್ಯರೊಬ್ಬರು ಇಮಿಪ್ರಮಿನ್ ಕೊಟ್ಟರು. ಐದು ತಿಂಗಳು ನುಂಗಿದಳು. ಬಾಯಿ ಒಣಗಿತೇ ಹೊರತು ಬೇರೇನೂ ಆಗಲಿಲ್ಲ. ಕೊನೆಗೆ ಸರ್ಕಾರಿ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಲೇಡಿ ಡಾಕ್ಟರೊಬ್ಬರು ಕೇಳಿದ್ದು ಒಂದೇ ಪ್ರಶ್ನೆ: ‘ಈ ಸೆಕೆಯಲ್ಲಿ ಶಾಲು ಯಾಕಮ್ಮಾ?’ ಆಮೇಲೆ ಕೊರಳನ್ನು ಮುಟ್ಟಿ ನೋಡಿ, ರಕ್ತವನ್ನು ಬೆಂಗಳೂರಿಗೆ ಕಳುಹಿಸಿದರು. ಥೈರಾಯ್ಡ್ ಹೆಚ್ಚುಕಡಿಮೆ ನಿಂತೇಹೋಗಿತ್ತು. ಕಾಳಿನಷ್ಟು ಸಣ್ಣ ಮಾತ್ರೆ, ದಿನಕ್ಕೊಂದು, ಬರಿಹೊಟ್ಟೆಯಲ್ಲಿ. ಮಳೆಗಾಲ ಕಳೆಯುವ ಹೊತ್ತಿಗೆ ಶಾಲು ಪೆಟ್ಟಿಗೆಗೆ ಹೋಯಿತು. ದೀಪಾವಳಿಗೆ ನಾನು ಹೋದಾಗ ಅಡಿಗೆಮನೆಯಿಂದ ಸಣ್ಣಗೆ ಹಾಡು ಕೇಳಿಸಿತು. ಮೊದಲಿನ ದನಿಯಲ್ಲ, ಆದರೆ ಅವಳದೇ ದನಿ.

ಕೋಖರ್ ಸಭೆಯ ಮುಂದೆ ನಿಂತು ತನ್ನ ತಪ್ಪನ್ನು ಹೇಳಿಕೊಂಡನೆಂದೆ. ನನಗೆ ಆ ಧೈರ್ಯ ಬಂದಿರಲಿಲ್ಲ. ಇಂದು ನಿಮ್ಮ ಮುಂದೆ ಹೇಳುತ್ತಿದ್ದೇನೆ. ಅಂದು ರಾತ್ರಿ ಊಟ ಬಡಿಸುತ್ತ ಅಕ್ಕ ಕೇಳಿದಳು: ‘ಹಂಗಾದ್ರೆ ನಾನು ಸೋಮಾರಿ ಆಗಿರಲಿಲ್ಲ, ಅಲ್ಲವೇನೋ?’ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಿಜವಾಗಿಯೂ ತಿಳಿಯಬೇಕೆಂದೇ ಕೇಳಿದಳು. ತಾನು ಸೋಮಾರಿಯೆಂದು ಅವಳೂ ನಂಬಿಬಿಟ್ಟಿದ್ದಳು! ನಾನು ತಲೆಯೆತ್ತದೆ ‘ಇಲ್ಲ ಅಕ್ಕ’ ಎಂದೆ.

ಆ ಪತ್ರವನ್ನು ಅವಳು ಹರಿದುಹಾಕಿದಳೋ ಇಟ್ಟುಕೊಂಡಿದ್ದಳೋ ನಾನು ಕೇಳಲಿಲ್ಲ. ನಿಮ್ಮ ಮನೆಯಲ್ಲಿಯೂ ಯಾರಾದರೂ ಸುಮ್ಮನೆ ಮೂಲೆ ಹಿಡಿದು ಕುಳಿತಿದ್ದರೆ, ಅವರಿಗೆ ಉಪದೇಶದ ಪತ್ರ ಬರೆಯುವ ಮುನ್ನ ಹತ್ತಿರ ಹೋಗಿ, ಚಳಿಯಾಗುತ್ತದೆಯೇ ಎಂದು ಒಮ್ಮೆ ಕೇಳಿರಿ.